ಗೆಸ್ಟ್ ಪೋಸ್ಟ್ ಕೊಳ್ಳುವ ಮುನ್ನ: ಪಬ್ಲಿಷರ್ ಷರತ್ತುಗಳನ್ನು ಓದುವ ಬಗೆ

ಬೇರೆಯವರ ವೆಬ್‌ಸೈಟಿನಲ್ಲಿ ಹಣ ಕೊಟ್ಟು ಲೇಖನ ಹಾಕಿಸಿ, ಅದರೊಳಗೆ ನಮ್ಮ ಸೈಟಿಗೊಂದು ಲಿಂಕ್ ಪಡೆಯುವ ವ್ಯವಹಾರಕ್ಕೆ ಗೆಸ್ಟ್ ಪೋಸ್ಟ್ ಖರೀದಿ ಎನ್ನುತ್ತಾರೆ. ಆ ಸೈಟಿನ ಮಾಲೀಕರಿಗೆ, ಅಂದರೆ ಪಬ್ಲಿಷರ್‌ಗೆ, ದರ ಕೇಳಿ ಮೇಲ್ ಹಾಕಿದರೆ ಬರುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ:

“ಕನಿಷ್ಠ 1000 ಪದ. ಲಿಂಕ್ ಒಂದು, ಡು-ಫಾಲೋ. ಡಿಎ 52. ಕ್ಯಾಸಿನೋ, ಬೆಟ್ಟಿಂಗ್ ಆದರೆ ದರ ದುಪ್ಪಟ್ಟು. ಟ್ಯಾಟ್ 2 ದಿನ. ಸ್ಪಾನ್ಸರ್ಡ್ ಟ್ಯಾಗ್ ಹಾಕುವುದಿಲ್ಲ. ಪರ್ಮನೆಂಟ್. ಹಣ ಮುಂಗಡ.”

ಹೊಸಬರ ಕಣ್ಣು ದರದ ಮೇಲೆ, ಸೈಟಿನ ಬಲವನ್ನು ಅಂದಾಜಿಸುವ ಡಿಎ (ಡೊಮೇನ್ ಅಥಾರಿಟಿ) ಅಂಕಿಯ ಮೇಲೆ ನಿಲ್ಲುತ್ತದೆ. ಆದರೆ ಈ ಎರಡು ಸಾಲಿನಲ್ಲಿ ಇಡೀ ಸೈಟಿನ ಜಾತಕವಿದೆ. ಲೇಖನ ಯಾವುದರ ಬಗ್ಗೆ ಎಂದು ಅವರು ಕೇಳಿಯೇ ಇಲ್ಲ. ಬೆಟ್ಟಿಂಗ್‌ಗೂ ಬಾಗಿಲು ತೆರೆದಿದೆ, ಟಿಕೆಟ್ ಬೆಲೆ ಮಾತ್ರ ಬೇರೆ. ಟ್ಯಾಟ್ ಎಂದರೆ ಪ್ರಕಟಿಸಲು ಹಿಡಿಯುವ ಸಮಯ; ಎರಡು ದಿನದಲ್ಲಿ ಹಾಕಿಕೊಡುತ್ತಾರೆ ಎಂದರೆ ಓದಿ ತಿದ್ದುವವರು ಯಾರೂ ಇಲ್ಲ. ನಿಜವಾದ ಓದುಗರಿರುವ ಸೈಟಿನ ಮಾಲೀಕರು ಕಿರಿಕಿರಿಯಾಗುವಷ್ಟು ಪ್ರಶ್ನೆ ಕೇಳುತ್ತಾರೆ. ಆ ಕಿರಿಕಿರಿಗೇ ನೀವು ಹಣ ಕೊಡುತ್ತಿರುವುದು.

ಲಿಂಕಿನ ಗುರುತು: ಇಲ್ಲಿಂದಲೇ ಶುರು ಮಾಡಿ

ಹುಡುಕಾಟದಲ್ಲಿ ಮೇಲೆ ಬರಲೆಂದು ಲಿಂಕ್ ಕೊಳ್ಳುವುದೂ ಮಾರುವುದೂ ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ. ಹಣದ ಬದಲು ವಸ್ತು ಅಥವಾ ಸೇವೆ ಕೊಟ್ಟರೂ ಅಷ್ಟೇ. ಜಾಹೀರಾತಾಗಿ ಕೊಳ್ಳಲು ಅಡ್ಡಿಯಿಲ್ಲ. ಆಗ ಲಿಂಕಿನ ಕೋಡ್‌ನಲ್ಲಿ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಎಂಬ ಗುರುತಿರಬೇಕು. ನೋಫಾಲೋ 2005ರಿಂದ ಇದೆ, ಸ್ಪಾನ್ಸರ್ಡ್ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. ಅಂದಹಾಗೆ ‘ಡು-ಫಾಲೋ’ ಎಂಬ ಗುರುತು ಕೋಡ್‌ನಲ್ಲಿ ಇಲ್ಲವೇ ಇಲ್ಲ. ಯಾವ ಗುರುತೂ ಇಲ್ಲದ ಲಿಂಕಿಗೆ ಈ ವ್ಯಾಪಾರದವರು ಇಟ್ಟುಕೊಂಡ ಹೆಸರು ಅದು.

ಗುರುತು ತೆಗೆಸಿ ಹಾಕಿಸಿದರೆ ಏನಾಗುತ್ತದೆ? 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಪೆಂಗ್ವಿನ್ ಅಪ್‌ಡೇಟ್ ಬಂದಾಗ ಇಂಥ ಸೈಟುಗಳು ಹುಡುಕಾಟದಲ್ಲಿ ಕೆಳಗೆ ಜಾರಿದವು. ಈಗಿನ ಪೆಟ್ಟು ಅಷ್ಟು ಸದ್ದು ಮಾಡುವುದಿಲ್ಲ. 2022ರ ಡಿಸೆಂಬರ್‌ನಿಂದ ಗೂಗಲ್‌ನ ಸ್ಪ್ಯಾಮ್‌ಬ್ರೇನ್ ಎಂಬ ವ್ಯವಸ್ಥೆ ಕೊಂಡ ಲಿಂಕನ್ನೂ ಮಾರುವ ಸೈಟನ್ನೂ ಗುರುತಿಸಿ, ಆ ಲಿಂಕಿನ ಬೆಲೆಯನ್ನು ಸುಮ್ಮನೆ ಸೊನ್ನೆ ಮಾಡುತ್ತದೆ. ಯಾರೂ ನಿಮಗೆ ತಿಳಿಸುವುದಿಲ್ಲ. ಕೊಟ್ಟ ದುಡ್ಡು ಹೋಯಿತು, ಅಷ್ಟೇ. ಪ್ರಕರಣ ದೊಡ್ಡದಾದರೆ, ಸೈಟಿನ ಮಾಲೀಕರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ‘ಮ್ಯಾನ್ಯುವಲ್ ಆಕ್ಷನ್ಸ್’ ಪುಟದಲ್ಲಿ ಅಸಹಜ ಲಿಂಕ್‌ಗಳ ನೋಟಿಸ್ ಬರುತ್ತದೆ. 2024ರಲ್ಲಿ ಇನ್ನೊಂದು ನೀತಿ ಸೇರಿತು. ಒಳ್ಳೆಯ ಹೆಸರಿರುವ ಸೈಟಿನ ಒಂದು ಮೂಲೆಯನ್ನು ಹೊರಗಿನವರ ಲೇಖನಗಳಿಗೆ ಬಿಟ್ಟುಕೊಟ್ಟು, ಆ ಹೆಸರಿನ ಬಲದಲ್ಲಿ ಅವನ್ನು ಮೇಲೆ ತರಿಸುವುದು ಕೂಡ ಈಗ ತಪ್ಪು. ದೊಡ್ಡ ಸುದ್ದಿ ಸೈಟುಗಳ ‘ಪಾರ್ಟ್‌ನರ್ ಕಂಟೆಂಟ್’ ವಿಭಾಗದಲ್ಲಿ ಜಾಗ ಕೊಳ್ಳುವವರು ಇದನ್ನು ನೆನಪಿಡಬೇಕು.

ಆದ್ದರಿಂದ ಪಬ್ಲಿಷರ್ “ಸ್ಪಾನ್ಸರ್ಡ್ ಗುರುತು ಕಡ್ಡಾಯ” ಎಂದರೆ ಚೌಕಾಸಿ ಮಾಡಿ ತೆಗೆಸಲು ಹೋಗಬೇಡಿ. ಹಾಗೆ ಹೇಳುವವರ ಸೈಟು ಹೆಚ್ಚು ಕಾಲ ಬಾಳುತ್ತದೆ. ಕೊಡುವ ಹಣಕ್ಕೆ ಪ್ರತಿಯಾಗಿ ಓದುಗರು ಬರುತ್ತಾರೆಯೇ, ನಿಮ್ಮ ಹೆಸರು ಸರಿಯಾದವರ ಕಣ್ಣಿಗೆ ಬೀಳುತ್ತದೆಯೇ ಎಂದು ಲೆಕ್ಕ ಹಾಕಿ. ಲಿಂಕಿನ ಬಲವನ್ನು ಲೆಕ್ಕದಿಂದ ಪೂರ್ತಿ ಕೈಬಿಟ್ಟ ಮೇಲೂ ದರ ಹೊಂದುವುದಾದರೆ ಕೊಳ್ಳಿ.

ಓದುಗರಿಗೆ ಕಾಣುವ ಹಣೆಪಟ್ಟಿ ಬೇರೆಯೇ ಸಂಗತಿ. ಕೋಡ್‌ನ ಗುರುತು ಗೂಗಲ್‌ಗೆ, ಲೇಖನದ ತಲೆಯ ಮೇಲಿನ ‘ಪ್ರಾಯೋಜಿತ’ ಎಂಬ ಪದ ಓದುಗರಿಗೆ. ಒಂದಿದ್ದರೆ ಇನ್ನೊಂದು ಬೇಡ ಎಂದಲ್ಲ. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೊಗಳುವವರಿಗೂ ಹೊಗಳಿಸಿಕೊಳ್ಳುವವರಿಗೂ ಹಣಕಾಸಿನ ನಂಟಿದ್ದರೆ ಅದನ್ನು ತಿಳಿಸಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅವಕಾಶ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ.

ಡಿಎ, ಡಿಆರ್ ಅಂಕಿಗಳನ್ನು ಬದಿಗಿಟ್ಟು ಸೈಟನ್ನು ನೋಡಿ

ಡಿಎ ಎಂಬುದು ಮೊಝ್ ಕಂಪನಿಯ ಲೆಕ್ಕ, ಡಿಆರ್ (ಡೊಮೇನ್ ರೇಟಿಂಗ್) ಎಂಬುದು ಏಹ್ರೆಫ್ಸ್‌ ಕಂಪನಿಯದು. ಎರಡೂ 100ರ ಅಳತೆ, ಎರಡೂ ಗೂಗಲ್‌ನವಲ್ಲ. ಹಳೆಯ ಡೊಮೇನ್‌ಗಳನ್ನು ಕೊಂಡು ತಮ್ಮ ಸೈಟಿನ ಕಡೆ ತಿರುಗಿಸಿದರೆ (ರೀಡೈರೆಕ್ಟ್), ಅಗ್ಗದ ಲಿಂಕ್‌ಗಳನ್ನು ರಾಶಿ ಹಾಕಿದರೆ ಈ ಅಂಕಿಗಳು ಏರುತ್ತವೆ; ಓದುಗರ ಸಂಖ್ಯೆ ಮಾತ್ರ ಏರುವುದಿಲ್ಲ. ಡಿಆರ್ 60 ಇದ್ದು ತಿಂಗಳಿಗೆ ಇನ್ನೂರು ಜನ ಬಾರದ ಸೈಟು ಕಂಡರೆ ಇದೇ ಕಾರಣ ಎಂದುಕೊಳ್ಳಿ. ಕನ್ನಡ ಸೈಟುಗಳಿಗೆ ಇದರ ತಿರುಗುಮುರುಗು ಸಮಸ್ಯೆ. ಕನ್ನಡದ ಹುಡುಕುಪದಗಳು ಈ ಟೂಲ್‌ಗಳ ಪಟ್ಟಿಯಲ್ಲಿ ಕಡಿಮೆ ಇರುವುದರಿಂದ, ಚೆನ್ನಾಗಿ ಓದಿಸಿಕೊಳ್ಳುವ ಕನ್ನಡ ಸೈಟು ಕೂಡ ಅಲ್ಲಿ ಬಡಕಲಾಗಿ ಕಾಣುತ್ತದೆ. ಅಂಥವರ ಹತ್ತಿರ ಸರ್ಚ್ ಕನ್ಸೋಲ್‌ನ ಕಳೆದ 3 ತಿಂಗಳ ಗ್ರಾಫನ್ನು ವಿಡಿಯೋ ಕರೆಯಲ್ಲಿ ತೆರೆದು ತೋರಿಸಲು ಕೇಳಿ. ಸ್ಕ್ರೀನ್‌ಶಾಟ್ ಸಾಲದು, ಅದನ್ನು ತಿದ್ದಲು ಐದು ನಿಮಿಷ ಬೇಡ.

ಸೈಟನ್ನು ನೋಡುವುದಕ್ಕೆ ಅರ್ಧ ಗಂಟೆ ಸಾಕು. ಗೂಗಲ್ ಹುಡುಕಾಟದಲ್ಲಿ ‘ಸೈಟ್’ ಎಂಬ ಆಪರೇಟರ್ ಬಳಸಿ, ಅವರ ಡೊಮೇನ್ ಜೊತೆಗೆ ಕ್ಯಾಸಿನೋ, ಬೆಟ್ಟಿಂಗ್, ಲೋನ್ ಪದಗಳನ್ನು ಒಂದೊಂದಾಗಿ ಹಾಕಿ ನೋಡಿ. ಅಡುಗೆ ಸೈಟಿನೊಳಗೆ ಬೆಟ್ಟಿಂಗ್ ಲೇಖನ ಸಿಕ್ಕರೆ ಅಲ್ಲಿಗೆ ಮುಗಿಯಿತು. ಇದು ಬರೀ ಘನತೆಯ ಪ್ರಶ್ನೆಯಲ್ಲ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣವಿಟ್ಟು ಆಡುವ ಆಟಗಳ ಜಾಹೀರಾತನ್ನೂ ನಿಷೇಧಿಸಿದೆ. ಆಮೇಲೆ ಇತ್ತೀಚಿನ 10 ಲೇಖನ ತೆರೆದು, ಪ್ರತಿಯೊಂದರಲ್ಲೂ ಹೊರಗೆ ಹೋಗುವ ಲಿಂಕ್ ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಳ್ಳಿ. ಹತ್ತರಲ್ಲಿ ಎಂಟು ಲೇಖನ ಒಂದೊಂದು ಅಂಗಡಿಗೆ ಕೈ ತೋರಿಸುತ್ತಿದ್ದರೆ ಆ ಸೈಟಿನಲ್ಲಿ ಲೇಖನಗಳಿರುವುದು ಲಿಂಕ್ ಸುತ್ತಲು. ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಡೊಮೇನ್ ಹಾಕಿ ಮೂರು ವರ್ಷ ಹಿಂದೆ ಅಲ್ಲಿ ಏನಿತ್ತು ನೋಡಿ. ಯಾವುದೋ ಶಾಲೆಯ ಸೈಟಾಗಿದ್ದ ಡೊಮೇನ್ ಇವತ್ತು ‘ಲೈಫ್‌ಸ್ಟೈಲ್ ಮ್ಯಾಗಝಿನ್’ ಆಗಿದ್ದರೆ, ಅವಧಿ ಮುಗಿದದ್ದನ್ನು ಯಾರೋ ಹಿಡಿದುಕೊಂಡಿದ್ದಾರೆ ಎಂದರ್ಥ.

ವಿಷಯ, ಆಂಕರ್, ಲಿಂಕ್ ಕೂರುವ ಜಾಗ

ಇಳಕಲ್ ಸೀರೆ ಮಾರುವ ಒಂದು ಆನ್‌ಲೈನ್ ಅಂಗಡಿ ಇದೆ ಎಂದುಕೊಳ್ಳಿ. ಜವಳಿ, ಉಡುಗೆ ಬಗ್ಗೆ ಬರೆಯುವ ಸೈಟಿನಲ್ಲಿ ಜಾಗ ಬೇಕು. ಅಂಗಡಿಯವರು ಕಳಿಸುವ ಮೊದಲ ಕರಡು ಬಹುಪಾಲು “ಇಳಕಲ್ ಸೀರೆ ಏಕೆ ಕೊಳ್ಳಬೇಕು” ಎಂದಿರುತ್ತದೆ. ಮೂರು ಕಡೆ ‘ಆನ್‌ಲೈನ್ ಇಳಕಲ್ ಸೀರೆ ಖರೀದಿ’ ಎಂಬ ಪದಗಳಿಗೆ ಲಿಂಕ್ ಇರುತ್ತದೆ. ವಾಪಸ್ ಬರುತ್ತದೆ. ಬರಲೇಬೇಕು. ಕೊಳ್ಳುವ ಪದವನ್ನೇ ಆಂಕರ್ (ಲಿಂಕ್ ಕೂರಿಸಿದ ಪದ) ಮಾಡುವುದು ಸ್ಪ್ಯಾಮ್‌ನ ಹಳೆಯ ಗುರುತು. ಪಬ್ಲಿಷರ್‌ಗಳ ಷರತ್ತಿನಲ್ಲಿ “ಎಕ್ಸಾಕ್ಟ್ ಮ್ಯಾಚ್ ಆಂಕರ್ ಬೇಡ” ಎಂಬ ಸಾಲು ಅದಕ್ಕೇ ಇರುವುದು.

ಅದೇ ಅಂಗಡಿ “ಇಳಕಲ್ ಸೀರೆಯಲ್ಲಿ ಸೆರಗನ್ನು ಮೈಗೆ ಕೊಂಡಿ ಹಾಕಿ ಜೋಡಿಸುವುದು ಹೇಗೆ, ಕೈಮಗ್ಗದ್ದನ್ನು ಗುರುತಿಸುವುದು ಹೇಗೆ” ಎಂದು ಬರೆದು, ಆ ಕೊಂಡಿಯ ಹತ್ತಿರದ ಫೋಟೋ ಇರುವ ತನ್ನ ಪುಟಕ್ಕೆ “ಕೊಂಡಿಯ ಹತ್ತಿರದ ಚಿತ್ರಗಳು” ಎಂಬ ಆಂಕರ್ ಕೊಟ್ಟರೆ ಓದುವವರು ಒತ್ತುತ್ತಾರೆ. ಸಂಪಾದಕರಿಗೂ ತಕರಾರಿರುವುದಿಲ್ಲ. ಅಂಗಡಿಯ ಹೆಸರು, ಪುಟದ ಶೀರ್ಷಿಕೆ, ವಾಕ್ಯದಲ್ಲಿ ಸಹಜವಾಗಿ ಬರುವ ಪದಗುಚ್ಛ — ಆಂಕರ್‌ಗೆ ಈ ಮೂರೇ ಸಾಕು. ಲಿಂಕನ್ನು ಮಾರಾಟದ ಪುಟಕ್ಕೆ ಕೊಡಬೇಡಿ, ಮಾಹಿತಿ ಇರುವ ಪುಟಕ್ಕೆ ಕೊಡಿ. ಎಷ್ಟೋ ಪಬ್ಲಿಷರ್‌ಗಳು ಪ್ರಾಡಕ್ಟ್ ಪುಟಕ್ಕೆ ಲಿಂಕ್ ಒಪ್ಪುವುದೇ ಇಲ್ಲ. ಮೊದಲ ಪ್ಯಾರಾದಲ್ಲಿ ಲಿಂಕ್ ಬೇಡ ಎನ್ನುವವರೂ ಇದ್ದಾರೆ, ಲೇಖಕರ ಪರಿಚಯದಲ್ಲಿ ಮಾತ್ರ ಎನ್ನುವವರೂ ಇದ್ದಾರೆ. ಪರಿಚಯದ ಲಿಂಕನ್ನು ಒತ್ತುವವರು ಕಡಿಮೆ, ದರವೂ ಅದಕ್ಕೆ ತಕ್ಕಂತೆ ಇಳಿಯಬೇಕು.

ಕೆಲವರು “ನಿಮ್ಮ ಲಿಂಕ್ ಜೊತೆಗೆ ಇನ್ನೆರಡು ಹೊರಗಿನ ಲಿಂಕ್ ಇರಲಿ” ಎಂದು ಕೇಳುತ್ತಾರೆ. ಕೊಡಿ, ಆದರೆ ಸರ್ಕಾರಿ ಪುಟ, ವಿಶ್ವವಿದ್ಯಾಲಯದ ಪ್ರಕಟಣೆಯಂಥ ಮೂಲಗಳನ್ನು ನೀವೇ ಆಯ್ದು ಕೊಡಿ. ನಿಮ್ಮ ಲೇಖನದೊಳಗೆ ಇನ್ನೊಬ್ಬ ಗಿರಾಕಿಯ ಲಿಂಕ್ ತುರುಕುವುದಿಲ್ಲ ಎಂದು ಮಾತ್ರ ಬರಹದಲ್ಲಿ ಪಡೆಯಿರಿ. ಪ್ರಕಟವಾಗಿ ಆರು ತಿಂಗಳಾದ ಮೇಲೆ ಹಳೆಯ ಲೇಖನಕ್ಕೆ ಹೊಸ ಲಿಂಕ್ ಸೇರಿಸಿ ಮಾರುವುದಕ್ಕೆ ‘ಲಿಂಕ್ ಇನ್ಸರ್ಷನ್’ ಎಂಬ ಪ್ರತ್ಯೇಕ ದರವೇ ಇದೆ.

ಆರೋಗ್ಯದ ವಿಷಯದಲ್ಲಿ ಪಬ್ಲಿಷರ್ ಬಿಗಿಯಾಗಿದ್ದರೆ ಬೇಸರ ಬೇಡ. ಮಧುಮೇಹ ವಾಸಿಮಾಡುತ್ತದೆ ಎಂಬಂಥ ಜಾಹೀರಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಪ್ರಕಟಿಸಿದವರೂ ಸಿಕ್ಕಿಬೀಳುತ್ತಾರೆ.

ಕರಡು ಕಳಿಸುವಾಗ ವಾಪಸ್ ಬರುವ ಕಾರಣಗಳು

ಪದಸಂಖ್ಯೆ ಸಾಮಾನ್ಯವಾಗಿ 800ರಿಂದ 1500ರ ನಡುವೆ ಇರುತ್ತದೆ. ಇದು ಇಂಗ್ಲಿಷ್ ಲೆಕ್ಕ. ‘ಮನೆಯಲ್ಲಿದ್ದವರಿಗೆ’ ಎಂದು ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಆರೇಳು ಪದಗಳಲ್ಲಿ ಹೇಳಬೇಕು. ಹೀಗಾಗಿ ಕನ್ನಡ ಲೇಖನಕ್ಕೂ ಅದೇ 1000 ಎಂದರೆ ಲೇಖನ ಉದ್ದವಾಗಿ ಎಳೆದಂತಾಗುತ್ತದೆ. ಬರೆಯುವ ಮೊದಲೇ ಕೇಳಿ ಇಳಿಸಿಕೊಳ್ಳಿ, ಒಪ್ಪುತ್ತಾರೆ.

ಇಂಗ್ಲಿಷ್ ಸೈಟುಗಳಲ್ಲಿ ಕಾಣದ, ಕನ್ನಡ ಸೈಟುಗಳಲ್ಲಿರುವ ಷರತ್ತು ಯೂನಿಕೋಡ್. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಸೊಗಸಾಗಿ ಕಂಡರೂ, ಆ ಫಾಂಟ್ ಇಲ್ಲದ ಕಡೆ ರೋಮನ್ ಅಕ್ಷರ, ಚಿಹ್ನೆಗಳ ಗೋಜಲಾಗುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವತ್ತು, ಒತ್ತಕ್ಷರ, ಲೇಖನದ ನಡುವೆ ಬಂದ ಇಂಗ್ಲಿಷ್ ಪದ — ಪರಿವರ್ತನೆಯಲ್ಲಿ ಕೆಡುವುದು ಇವೇ. ಪುಟದ ವಿಳಾಸದ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ವಿಳಾಸ ಕೊಟ್ಟರೆ ಬ್ರೌಸರಿನಲ್ಲಿ ಚೆಂದ. ಕಾಪಿ ಮಾಡಿ ಕಳಿಸಿದರೆ ಒಂದೊಂದು ಕೋಡ್ ಪಾಯಿಂಟ್ ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. ‘ಸೀರೆ’ ಎಂದು ಬರೆದರೆ ಎರಡೇ ಅಕ್ಷರ, ಒಳಗೆ ನಾಲ್ಕು ಕೋಡ್ ಪಾಯಿಂಟ್, ಮೆಸೇಜಿನಲ್ಲಿ 36 ಚಿಹ್ನೆ. ಉದ್ದದ ಶೀರ್ಷಿಕೆಯಾದರೆ ಲಿಂಕ್ ಅರ್ಧಕ್ಕೇ ತುಂಡಾಗಿ ತೆರೆಯದೆ ಹೋಗುತ್ತದೆ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿರಲಿ ಎಂದು ಮೊದಲೇ ಹೇಳಿ.

ಚಿತ್ರಗಳು 1200 ಪಿಕ್ಸೆಲ್ ಅಗಲ ಇರಲಿ. ಗೂಗಲ್ ಡಿಸ್ಕವರ್‌ನಲ್ಲಿ ದೊಡ್ಡದಾಗಿ ಕಾಣಲು ಅಷ್ಟು ಬೇಕು. ಗೂಗಲ್ ಇಮೇಜಸ್‌ನಿಂದ ಇಳಿಸಿದ್ದು ನಡೆಯದು, ನೀವೇ ತೆಗೆದದ್ದು ಅಥವಾ ಪರವಾನಗಿ ಇರುವುದು ಮಾತ್ರ. ಎಐನಲ್ಲಿ ಬರೆಸಿದ ಲೇಖನ ಬೇಡ ಎನ್ನುವವರು ಈಗ ಹೆಚ್ಚಾಗಿದ್ದಾರೆ. ಅದನ್ನು ಪತ್ತೆಮಾಡುವ ಟೂಲ್‌ಗಳು ಮನುಷ್ಯರು ಬರೆದದ್ದನ್ನೂ ಹಿಡಿದುಹಾಕುವುದುಂಟು. ತಕರಾರು ಬಂದರೆ ತೋರಿಸಲು ಗೂಗಲ್ ಡಾಕ್ಸ್‌ನಲ್ಲೇ ಬರೆದು ವರ್ಷನ್ ಹಿಸ್ಟರಿ ಉಳಿಸಿಕೊಳ್ಳಿ. ಅದೇ ಲೇಖನವನ್ನು ನಿಮ್ಮ ಬ್ಲಾಗಿನಲ್ಲೂ ಹಾಕಬೇಡಿ. ಬಹುಪಾಲು ಷರತ್ತುಗಳಲ್ಲಿ ಅದಕ್ಕೆ ನಿಷೇಧವಿದೆ.

ಒಪ್ಪಂದ ಒಂದೇ ಮೇಲ್‌ನಲ್ಲಿ

ಫೋನಿನಲ್ಲಿ ಮಾತಾಡಿದ್ದು ಮಾತಿಗಷ್ಟೇ. ಹಣ ಕಳಿಸುವ ಮೊದಲು ಹೀಗೊಂದು ಮೇಲ್ ಬರೆದು “ಒಪ್ಪಿದೆ” ಎಂಬ ಉತ್ತರ ಪಡೆಯಿರಿ:

“ನಮಸ್ಕಾರ ಸರ್, ಮಾತಾಡಿದಂತೆ: ಲೇಖನ 1, ಸುಮಾರು 800 ಪದ, ಕನ್ನಡ. ನಮ್ಮ ಲಿಂಕ್ 1, ಸ್ಪಾನ್ಸರ್ಡ್ ಗುರುತಿನೊಂದಿಗೆ. ಲೇಖನದ ಮೇಲೆ ‘ಪ್ರಾಯೋಜಿತ’ ಎಂದಿರುತ್ತದೆ. ‘ಉಡುಗೆ’ ವಿಭಾಗದಲ್ಲಿ ಪ್ರಕಟಣೆ, ಮುಖಪುಟದಲ್ಲಿ ಕನಿಷ್ಠ 3 ದಿನ. ಕನಿಷ್ಠ 24 ತಿಂಗಳು ಅದೇ ವಿಳಾಸದಲ್ಲಿ ಇರುತ್ತದೆ. ಬೇರೆಯವರ ಲಿಂಕ್ ಸೇರಿಸುವುದಿಲ್ಲ. ತಿದ್ದುಪಡಿ ನಿಮ್ಮ ಹಕ್ಕು. ಪ್ರಕಟಿಸುವ ಮೊದಲು ಒಮ್ಮೆ ನಮಗೆ ತೋರಿಸುತ್ತೀರಿ. ಅವಧಿಗೆ ಮೊದಲೇ ತೆಗೆದರೆ ಉಳಿದ ತಿಂಗಳ ಲೆಕ್ಕದಲ್ಲಿ ಹಣ ವಾಪಸ್. ಪಾವತಿ ಅರ್ಧ ಮುಂಗಡ, ಉಳಿದದ್ದು ಪ್ರಕಟವಾಗಿ ಗೂಗಲ್‌ನಲ್ಲಿ ಕಂಡ ಮೇಲೆ.”

ಇದರಲ್ಲಿ ಹೆಚ್ಚು ಜಗಳವಾಗುವುದು ‘ಪರ್ಮನೆಂಟ್’ ಎಂಬ ಪದದ ಬಗ್ಗೆ. ಒಬ್ಬರ ಬಾಯಲ್ಲಿ ಅದು ‘ಸೈಟು ಇರುವವರೆಗೆ’, ಇನ್ನೊಬ್ಬರ ಬಾಯಲ್ಲಿ 12 ತಿಂಗಳು. ಸೈಟೇ ಮಾರಾಟವಾದರೆ ಹೊಸ ಮಾಲೀಕರಿಗೆ ಹಳೆಯ ಮಾತು ಅಂಟುವುದಿಲ್ಲ. ತಿಂಗಳ ಸಂಖ್ಯೆಯನ್ನೇ ಬರೆಸಿ.

ಹಣದ ವಿಷಯ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. “ನಾವು ಬೆಂಗಳೂರಿನವರೇ” ಎನ್ನುತ್ತಾ ಪೇಪಾಲ್ ಮಾತ್ರ ಕೇಳಿದರೆ, ಎದುರಿಗಿರುವುದು ಪಬ್ಲಿಷರೋ ದೂರದ ದಲ್ಲಾಳಿಯೋ ಎಂದು ವಿಚಾರಿಸಿ. ಗುರುತಿಸುವುದು ಸುಲಭ: ಆ ಸೈಟಿನ ಸಂಪರ್ಕ ಪುಟದಲ್ಲಿರುವ ವಿಳಾಸಕ್ಕೆ ಮೇಲ್ ಹಾಕಿ “ಇವರು ನಿಮ್ಮವರೇ?” ಎಂದು ಕೇಳಿ. ಜಿಎಸ್‌ಟಿ ನೋಂದಣಿ ಇರುವ ಪಬ್ಲಿಷರ್ ಆದರೆ ವೆಬ್ ಜಾಹೀರಾತಿಗೆ ಶೇ 18 ಸೇರುತ್ತದೆ, ದರ ಹೇಳುವಾಗಲೇ ಅದು ಒಳಗೋ ಹೊರಗೋ ಕೇಳಿ. ನೋಂದಣಿ ಇರುವ ನೀವು ವಿದೇಶಿ ಪಬ್ಲಿಷರ್‌ಗೆ ಕೊಟ್ಟರೆ ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆ ನೀವೇ ಕಟ್ಟಬೇಕು. ಮೊದಲು ಆನ್‌ಲೈನ್ ಜಾಹೀರಾತಿನ ಮೇಲೆ ಇದ್ದ ಶೇ 6ರ ಈಕ್ವಲೈಸೇಷನ್ ಲೆವಿ 2025ರ ಏಪ್ರಿಲ್ 1ರಿಂದ ರದ್ದಾಗಿದೆ. ಹಳೆಯ ಇನ್‌ವಾಯ್ಸ್ ನಮೂನೆಯಲ್ಲಿ ಇನ್ನೂ ಆ ಸಾಲಿದ್ದರೆ ತೆಗೆಸಿ.

ಪ್ರಕಟವಾದ ದಿನ

“ಲೈವ್ ಆಯ್ತು” ಎಂಬ ಮೆಸೇಜ್ ಬಂದ ಕೂಡಲೇ ಉಳಿದ ಹಣ ಕಳಿಸಬೇಡಿ. ಕಂಪ್ಯೂಟರಿನಲ್ಲಿ ಪುಟ ತೆರೆದು, ಲಿಂಕಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ಲಿಂಕಿನ ಸಾಲಿನಲ್ಲಿ ‘ರೆಲ್’ ಎಂಬುದರ ಮುಂದೆ ಏನಿದೆ ಓದಿ. ‘ನೋಓಪನರ್’ ಕಂಡರೆ ಗಾಬರಿ ಬೇಡ, ಹೊಸ ಟ್ಯಾಬಿನಲ್ಲಿ ತೆರೆಯುವ ಲಿಂಕಿಗೆ ವರ್ಡ್‌ಪ್ರೆಸ್ ತಾನೇ ಹಾಕುವ ಸುರಕ್ಷತೆ ಅದು. ‘ನೋರೆಫರರ್’ ಇದ್ದರೆ ಮಾತ್ರ ತೆಗೆಸಿ: ಅದಿದ್ದರೆ ಆ ಸೈಟಿನಿಂದ ಬಂದವರೆಲ್ಲ ನಿಮ್ಮ ಅನಲಿಟಿಕ್ಸ್‌ನಲ್ಲಿ ‘ಡೈರೆಕ್ಟ್’ ಎಂದು ಬಿದ್ದು, ಹಣಕ್ಕೆ ಎಷ್ಟು ಜನ ಬಂದರೆಂಬ ಲೆಕ್ಕವೇ ಸಿಗುವುದಿಲ್ಲ. ತೆಗೆಯಲು ಒಪ್ಪದಿದ್ದರೆ ಲಿಂಕಿಗೆ, ಓದುಗರು ಎಲ್ಲಿಂದ ಬಂದರೆಂದು ಅನಲಿಟಿಕ್ಸ್‌ಗೆ ಹೇಳುವ ಯುಟಿಎಂ ಬಾಲ ಸೇರಿಸಿ ಕೊಡಿ.

ಆಮೇಲೆ ಪೇಜ್ ಸೋರ್ಸ್ ತೆರೆದು ‘ನೋಇಂಡೆಕ್ಸ್’ ಪದ ಹುಡುಕಿ. ಸಿಕ್ಕರೆ ಆ ಪುಟ ಗೂಗಲ್‌ನಲ್ಲಿ ಬರುವುದೇ ಇಲ್ಲ. ಮೂಲ ಪುಟ ಯಾವುದೆಂದು ಗೂಗಲ್‌ಗೆ ಹೇಳುವ ‘ಕ್ಯಾನಾನಿಕಲ್’ ಸಾಲು ಬೇರೆ ಯಾವುದಾದರೂ ಪುಟದ ವಿಳಾಸ ತೋರಿಸುತ್ತಿದ್ದರೆ ಅದೂ ಹೆಚ್ಚುಕಡಿಮೆ ಅದೇ ಕಥೆ. ಕೊನೆಯದಾಗಿ ಮುಖಪುಟದಿಂದ ಹೊರಟು, ವಿಭಾಗ ಒತ್ತಿ, ನಿಮ್ಮ ಲೇಖನಕ್ಕೆ ದಾರಿ ಇದೆಯೇ ನೋಡಿ. ನೇರ ವಿಳಾಸ ಹಾಕಿದರೆ ಮಾತ್ರ ತೆರೆದು, ಸೈಟಿನೊಳಗಿಂದ ಎಲ್ಲೂ ಸಿಗದ ಅನಾಥ ಪುಟಗಳೇ ಈ ವ್ಯಾಪಾರದ ಅತಿ ಸಾಮಾನ್ಯ ಮೋಸ. ನಿಮಗೆ ತೋರಿಸಲೆಂದೇ ಇರುವ ಪುಟ, ಓದುಗರು ಅಲ್ಲಿಗೆ ತಲುಪುವುದೇ ಇಲ್ಲ.

ಪುಟದ ವಿಳಾಸ, ಪ್ರಕಟವಾದ ದಿನ, ಅವಧಿ ಮುಗಿಯುವ ದಿನ, ಕೊಟ್ಟ ಹಣ, ಇನ್‌ವಾಯ್ಸ್ ಸಂಖ್ಯೆಗಳನ್ನು ಒಂದು ಶೀಟಿನಲ್ಲಿ ಬರೆದಿಡಿ. 30ನೇ ದಿನ, 90ನೇ ದಿನ, ಆಮೇಲೆ ವರ್ಷ ತುಂಬಿದ ಮರುವಾರ ತೆರೆದು ನೋಡಿ. ಲಿಂಕ್ ಮಾಯವಾಗಿದ್ದರೆ ಸೀದಾ ಜಗಳಕ್ಕೆ ಹೋಗಬೇಡಿ. ಸೈಟಿನ ಥೀಮ್ ಬದಲಾದಾಗ, ಹಳೆಯ ವಿಳಾಸಗಳು ಮುರಿದಾಗ ಮಾಲೀಕರಿಗೇ ಗೊತ್ತಾಗದೆ ಪುಟ ಕಳೆದುಹೋಗುವುದು ಸಾಮಾನ್ಯ. ಒಪ್ಪಂದದ ಹಳೆಯ ಮೇಲ್‌ಗೇ ರಿಪ್ಲೈ ಮಾಡಿ, ಪುಟದ ಹಳೆಯ ಸ್ಕ್ರೀನ್‌ಶಾಟ್ ಲಗತ್ತಿಸಿ ಕೇಳಿ. ಒಂದು ವಾರ ಕಾಯಿರಿ.